ನಮ್ಮ ಪರವಾಗಿ ತಮಿಳು ಸಾರ್

ಕೃಷ್ಣಗಿರಿ
16 ಜೂನ್ 2024

ಬಾಗಲೂರು ಸಂಸ್ಥಾನದ ಏಕೈಕ ರಾಜಕುಮಾರಿ, ಏಳನೇ ಕ್ಲಾಸು ಬಿ ಸೆಕ್ಷನ್ನಿನ ಭಯಂಕರಿ, ನನ್ನ ಒಬ್ಬಳೇ ತಂಗಿ ಕೋಮಲಾ ದೇವಿಯವರ ಸನ್ನಿಧಾನಕ್ಕೆ,

ಹನ್ನೆರಡನೇ ಕ್ಲಾಸೆಂಬ ಘೋರಾಪರಾಧಕ್ಕಾಗಿ ಹಾಸ್ಟೆಲ್ಲಿಗೆ ದೂಡಲ್ಪಟ್ಟ ನಿನ್ನ ಅಣ್ಣ ಭೈರೇಶನು ಅರಿಕೆ ಮಾಡಿಕೊಳ್ಳುವುದೇನೆಂದರೆ: ಇಲ್ಲಿ ಫೋನು ನಿಷೇಧ. ಭಾನುವಾರ ವಾರ್ಡನ್ ತಿಮ್ಮರಾಜು ಸಾರ್ ತಮ್ಮ ಫೋನು ಕೊಡುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವನು ಬೆನ್ನಿಗೆ ಗುದ್ದುವ ತನಕ ಮಾತಾಡಬಹುದು. ಆದ್ದರಿಂದ ನಮ್ಮ ರಾಜ್ಯಭಾರವೆಲ್ಲ ಇನ್ನು ಮುಂದೆ ಅಂಚೆಯ ಮೂಲಕ ನಡೆಯತಕ್ಕದ್ದು.

ಊರೆಲ್ಲ ಮಾವಿನಹಣ್ಣಿನ ವಾಸನೆ. ಲಾರಿ ಲಾರಿ ಹೋಗುತ್ತವೆ. ನಮಗೆ ಮಾತ್ರ ಉಪ್ಪಿನಕಾಯಿ. ನಿನ್ನೆ ಸಾಂಬಾರಿನಲ್ಲಿದ್ದ ಕಟ್ಟಕಡೆಯ ನುಗ್ಗೆಕಾಯಿ ದೈವಾಧೀನವಾಯಿತು. ನಾವು ಎದ್ದು ನಿಂತು ಮೌನಾಚರಣೆ ಮಾಡಿದೆವು. ತಿಮ್ಮರಾಜು ಸಾರ್ ನಿಜಕ್ಕೂ ಯಾರೋ ತೀರಿಕೊಂಡರೆಂದು ಟೋಪಿ ತೆಗೆದರು!

ಅಪ್ಪನ ಕಾಫಿಗೆ ಉಪ್ಪು ಹಾಕುವ ಕೆಲಸವನ್ನು ನಿನಗೆ ವಹಿಸಿ ಬಂದಿದ್ದೇನೆ. ಮನೆತನದ ಮಾನ ಉಳಿಸು.

ಇಂತಿ,
ಕೈದಿ ಭೈರೇಶ್


ಬಾಗಲೂರು
30 ಜೂನ್ 2024

ಕೈದಿಗಳಲ್ಲೇ ಶ್ರೇಷ್ಠನಾದ ಅಣ್ಣನಿಗೆ ರಾಜಕುಮಾರಿಯ ಅಭಯಹಸ್ತ.

ಉಪ್ಪು ಹಾಕಿದೆ. ಅಪ್ಪ ಒಂದು ಗುಟುಕು ಕುಡಿದು, “ಲೇ ಭೈರಾ” ಅಂತ ಕೂಗಿಬಿಟ್ಟರು. ಆಮೇಲೆ ನೀನು ಮನೇಲಿಲ್ಲ ಅಂತ ನೆನಪಾಗಿ ಸುಮ್ಮನೆ ಪೂರ್ತಿ ಕುಡಿದರು. ನನಗೆ ಒಂಥರಾ ಆಯಿತು.

ಈಗ ದುಃಖದ ವಾರ್ತೆ. ಮನೇಲಿ ಕನ್ನಡ ಆದರೂ ನಮ್ಮೂರು ಇರೋದು ತಮಿಳುನಾಡಲ್ಲಿ ನೋಡು, ಹೊಸ ಸ್ಕೂಲಲ್ಲಿ ನಾನು ತಮಿಳಿನಲ್ಲಿ ಢಮಾರ್. ಅಮ್ಮನನ್ನು ಕರೆಸಿದರು. ಗುಲಾಬಿ ತೋಟದ ಶೆಡ್ಡಿನಲ್ಲಿ ಕೂಲಿ ಮಾಡುವಾಗ ಮೇಸ್ತ್ರಿ ಜೊತೆ ಅಷ್ಟು ಜೋರಾಗಿ ತಮಿಳು ಮಾತಾಡೋ ಅಮ್ಮ ಆಫೀಸಿನಲ್ಲಿ ಬರೀ “ಸರಿಂಗ ಮೇಡಂ, ಸರಿಂಗ ಮೇಡಂ” ಅಂದಳು. ಅವರು ಕೊಟ್ಟ ತಮಿಳು ಕಾಗದ ತಲೆಕೆಳಗಾಗಿ ಹಿಡಿದಿದ್ದಳು. ಹೊರಗೆ ಬಂದು, “ನಾನಿನ್ನು ಆ ಆಫೀಸಿಗೆ ಬರಲ್ಲ ಕಣಮ್ಮಿ, ಅವಮಾನ ಆಯ್ತದೆ” ಅಂದಳು.

ಅದಕ್ಕೆ ಹೊಸೂರಲ್ಲಿ ಗೋಪಿನಾಥ್ ಸಾರ್ ಅಂತ, ಅವರ ಮನೇಲಿ ತಮಿಳು ಟ್ಯೂಷನ್. ನಾನು, ರಮ್ಯ, ಇನ್ನು ಕೆಲವರು. ನಮ್ಮ ಥರಾನೇ ಕನ್ನಡ ಮಾತಾಡ್ತಾರೆ, ತಮಿಳೂ, ತೆಲುಗೂ. ಮೊದಲ ದಿನವೇ ನಾನು ಅವರ ಶರ್ಟಿನ ಬೆನ್ನಿಗೆ “ಮಾರಾಟಕ್ಕಿದೆ” ಅಂತ ಚೀಟಿ ಅಂಟಿಸಿದೆ. ಅವರು ಬೈಯಲೇ ಇಲ್ಲ! ಚೀಟಿ ಜೇಬಿಗಿಟ್ಟುಕೊಂಡು, “ಇದು ನಿನ್ನ ನನ್ನ ಮಧ್ಯೆ ಇರ್ಲಿ, ನಿಮ್ಮಮ್ಮಂಗೆ ಹೇಳಲ್ಲ” ಅಂದರು.

ಇಂತಿ,
ರಾ.ಕು. ಕೋಮಲಾ


ಕೃಷ್ಣಗಿರಿ
14 ಜುಲೈ 2024

ರಾಜಕುಮಾರಿಯವರಿಗೆ,

ಚಾಡಿ ಹೇಳದ ಮೇಷ್ಟ್ರು! ಇಂಥ ಪ್ರಾಣಿ ಭೂಮಿಯ ಮೇಲೆ ನಶಿಸಿಹೋಗಿದೆ ಎಂದು ತಿಳಿದಿದ್ದೆ. ಸದರಿ ಗೋಪಿನಾಥ್ ಸಾರ್ ಅವರಿಗೆ ನಮ್ಮ ಸಂಸ್ಥಾನದಿಂದ “ತಮಿಳು ಸಾರ್ವಭೌಮ” ಎಂಬ ಬಿರುದನ್ನೂ, ಒಂದು ಹರಿದ ಹಾಸ್ಟೆಲ್ ಟವೆಲನ್ನು ಶಾಲಾಗಿಯೂ ದಯಪಾಲಿಸಲಾಗಿದೆ. ಮಾನ್ಯರು ಇದನ್ನು ಮಂಡಿಯೂರಿ ಸ್ವೀಕರಿಸತಕ್ಕದ್ದು.

ನೀನು ಫೇಲಾದದ್ದು ಚಿಂತೆಯಿಲ್ಲ. ನಮ್ಮ ವಂಶದಲ್ಲಿ ಅದೊಂದು ಪದ್ಧತಿ. ಅಮ್ಮನಿಗೆ ಹೇಳು, ಆ ಆಫೀಸಿನಲ್ಲಿರುವವರಿಗೆ ಗುಲಾಬಿಯ ಮುಳ್ಳು ಬಿಡಿಸಲು ಬರುತ್ತದೆಯೇ ಕೇಳಲಿ.

ಇಂತಿ,
ಭೈರೇಶ್


ಬಾಗಲೂರು
28 ಜುಲೈ 2024

ಅಣ್ಣನಿಗೆ,

ನಿನ್ನ ಬಿರುದು ಕೇಳಿ ಸಾರ್ ತುಂಬಾ ನಕ್ಕರು. ನಿನ್ನ ಪತ್ರ ಪೂರ್ತಿ ಅವರಿಗೆ ಓದಿ ಹೇಳಿದೆ. ನಮ್ಮ ಮಧ್ಯೆ ಮುಚ್ಚುಮರೆ ಇರಬಾರದು ಅಂತಾರೆ. ಈ ಪತ್ರವನ್ನೂ ಅವರೇ ಹೊಸೂರಲ್ಲಿ ಪೋಸ್ಟ್ ಮಾಡ್ತಾರೆ. ನಿಮ್ಮಣ್ಣ ಬುದ್ಧಿವಂತ, ಆದರೆ ಸ್ವಲ್ಪ ಅಹಂಕಾರ ಅಂದರು.

ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಅಮ್ಮನ ಬದಲು ಸಾರ್ ಹೋದರು. ಅವರೇ ಮಾತಾಡಿ, ನಮ್ಮ ಪರವಾಗಿ ಸೈನೂ ಹಾಕಿದರು. ಇನ್ನು ಮೇಲೆ ಏನಿದ್ದರೂ ಅವರ ಫೋನಿಗೇ ತಿಳಿಸ್ತಾರಂತೆ. ಅಮ್ಮ ಅವರ ಮುಂದೆ ಕೈಮುಗಿದು, “ದೇವ್ರಂಗೆ ಬಂದ್ರಿ ಸಾರ್” ಅಂದಳು. ಅಪ್ಪ ಹಲಸಿನಹಣ್ಣು ಕೊಟ್ಟರು.

ನನಗೆ ಈಗ ಸ್ಪೆಷಲ್ ಕ್ಲಾಸ್. ಬೇರೆಯವರು ಹೋದ ಮೇಲೆ. ರಮ್ಯ ಅದಕ್ಕೆ ಬರೋದಿಲ್ಲ. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ಸಾರ್ ಹೇಳಿದರು. ನನಗೂ ಈಗ ಹಾಗೇ ಅನ್ನಿಸ್ತಿದೆ. ಬಸ್ಸು ರಶ್ ಅಂತ ಸ್ಕೂಟರಲ್ಲಿ ಅವರೇ ಮನೆ ತನಕ ಬಿಡ್ತಾರೆ. ಒಂದು ವಾಚ್ ಕೊಟ್ಟಿದ್ದಾರೆ. ಬಹುಮಾನ ಅಂತ ಅಮ್ಮನಿಗೆ ಹೇಳು ಅಂದರು, ಹೇಳಿದೆ.

ಕೋಮಲಾ


ಕೃಷ್ಣಗಿರಿ
11 ಆಗಸ್ಟ್ 2024

ಆರೋಪಪಟ್ಟಿ
ವಿರುದ್ಧ: ಕೋಮಲಾ, ತಂದೆ ಮುನಿಯಲ್ಲಪ್ಪ, ಬಾಗಲೂರು

ಸದರಿ ಆರೋಪಿಯ ಕಳೆದ ಪತ್ರದಲ್ಲಿ ಒಂದೇ ಒಂದು ತರಲೆ ಕೂಡ ಇರಲಿಲ್ಲ. ಇದು ರಾಜದ್ರೋಹ. ಜೊತೆಗೆ ಗೋಪ್ಯ ಪತ್ರವನ್ನು ಹೊರಗಿನ ದೊರೆಗೆ ಓದಿ ಹೇಳಿದ್ದು ಎರಡನೇ ಅಪರಾಧ. ನನ್ನ ಅಹಂಕಾರವನ್ನು ಪತ್ತೆಹಚ್ಚಿದ್ದು ಮೂರನೆಯದು, ಅದನ್ನು ಕ್ಷಮಿಸಲಾಗಿದೆ.

ಈ ವಾರ ಇಲ್ಲಿಗೆ ಮಕ್ಕಳ ರಕ್ಷಣೆಯ ಕೆಲಸ ಮಾಡುವ ಶ್ರೀರಂಜನಿ ಮೇಡಂ ಬಂದಿದ್ದರು. ಮಕ್ಕಳನ್ನು ಕೆಡಿಸುವವನು ಮೊದಲು ಮಗುವಿಗೆ ಕೈಹಾಕುವುದಿಲ್ಲ, ಮನೆಯವರ ಮನಸ್ಸು ಗೆಲ್ಲುತ್ತಾನೆ ಎಂದರು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ನನಗೆ ಮೌನ ಕಂಡರೆ ಆಗುವುದಿಲ್ಲವಲ್ಲ? ಪರಮ ಗಂಭೀರನಾಗಿ ಎದ್ದು ನಿಂತೆ. “ಮೇಡಂ, ನಮ್ಮ ಅಡುಗೆಯವರು ನನಗೆ ಮಾತ್ರ ಎರಡು ಸಲ ಚಟ್ನಿ ಹಾಕ್ತಾರೆ. ಅನುಮಾನ ಪಡಬೇಕಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಮ್ಮೂ ನಕ್ಕರು. ಆಮೇಲೆ, “ಚಟ್ನಿ ಹಾಕಿದ್ರೆ ತಿನ್ನಪ್ಪ. ಹಾಕಿ, ಯಾರಿಗೂ ಹೇಳ್ಬೇಡ ಅಂದ್ರೆ ಆವತ್ತು ಅನುಮಾನ ಪಡು” ಅಂದರು.

ನಾನು ಕೂತುಕೊಂಡೆ.

ಅಂದಹಾಗೆ, ಪತ್ರಗಳನ್ನು ಅವರಿಗೆ ಓದಿ ಹೇಳಬೇಡ. ಸುಮ್ಮನೆ ಹೇಳಿದೆ.

ಭೈರೇಶ್


ಬಾಗಲೂರು
1 ಸೆಪ್ಟೆಂಬರ್ 2024

ಪ್ರೀತಿಯ ಅಣ್ಣನಿಗೆ,

ನಾವೆಲ್ಲರೂ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ.

ತರಲೆ ಪತ್ರ ಬರೆಯುವ ವಯಸ್ಸು ನನಗೆ ಮುಗಿಯಿತು. ನನಗೆ ವಯಸ್ಸಿಗಿಂತ ಬುದ್ಧಿ ಜಾಸ್ತಿ ಎಂದು ಸಾರ್ ಹೇಳುತ್ತಾರೆ. ಮನೆಯಲ್ಲಿ ಯಾರಿಗೂ ಅದು ಅರ್ಥವಾಗುವುದಿಲ್ಲ. ಆ ಮೇಡಂ ಥರದವರ ಮಾತು ಇನ್ನು ಮೇಲೆ ಬರೆಯಬೇಡ. ಒಳ್ಳೆಯವರ ಹೆಸರು ಕೆಡಿಸಲಿಕ್ಕೆ ಅಂಥವರು ಇರುವುದು.

ತಮಿಳಿನಲ್ಲಿ ಪಾಸಾಗಿದ್ದೇನೆ. ರಮ್ಯ ಜೊತೆ ಮಾತು ಬಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತೆ. ವಯಸ್ಸಿಗೆ ಬರೋ ಹುಡುಗಿ, ಹಂಗೇ ಅಂತ ಅಮ್ಮ ಹೇಳಿ ಜೀರಿಗೆ ಕಷಾಯ ಕೊಡ್ತಾಳೆ. ಭಾನುವಾರವೂ ಈಗ ಸ್ಪೆಷಲ್ ಕ್ಲಾಸ್ ಇದೆ. ಡಿಕ್ಷನರಿ ನೋಡೋಕೆ ಸಾರ್ ಒಂದು ಹಳೇ ಫೋನ್ ಕೊಟ್ಟಿದ್ದಾರೆ, ಬ್ಯಾಗಿನ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ.

ಕೆಲವು ವಿಷಯ ಅಣ್ಣನಿಗೂ ಹೇಳಬಾರದು. ಪ್ರಾಮಿಸ್ ಮಾಡಿದ್ದೇನೆ. ಆದ್ದರಿಂದ ಕೇಳಬೇಡ.

ಇತಿ ನಿನ್ನ ತಂಗಿ,
ಕೋಮಲಾ


ಕೃಷ್ಣಗಿರಿ
22 ಸೆಪ್ಟೆಂಬರ್ 2024

ಕೋಮಲಾ,

ಈ ಪತ್ರವನ್ನು ರಮ್ಯಳ ಮನೆಗೆ ಹಾಕಿದ್ದೇನೆ. ಅವಳು ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಹೊಟ್ಟೆಕಿಚ್ಚಿಲ್ಲ. ಬೇರೆ ಯಾರ ಮುಂದೆಯೂ ಓದಬೇಡ.

ನಿನ್ನ ಪತ್ರ ಓದಿದ ಮೇಲೆ ಮೇಡಂ ಹೇಳಿದ ಮಾತು ತಲೆಯಿಂದ ಹೋಗಲಿಲ್ಲ. ಚೀಟಿ ಅಂಟಿಸಿದಾಗ ನಿಮ್ಮಮ್ಮಂಗೆ ಹೇಳಲ್ಲ ಅಂದರು. ಈಗ “ನೀನೂ ಯಾರಿಗೂ ಹೇಳಬೇಡ” ಅಂತಿದ್ದಾರೆ. ಮೊದಲನೆಯದಕ್ಕೆ ನಾನು ಬಿರುದು ಕೊಟ್ಟೆ. ಭಾನುವಾರ ವಾರ್ಡನ್ ಫೋನಿನಲ್ಲಿ ಅಮ್ಮನಿಗೆ ಹೇಳೋಣ ಅಂದುಕೊಂಡೆ. “ಅಮ್ಮಾ, ಆ ಸಾರ್ ವಿಷಯ” ಅಂದೆ ನೋಡು, “ಇಲ್ಲೇ ಅವ್ರೆ ಕಣ್ಲಾ, ಮಾತಾಡು” ಅಂತ ಫೋನು ಅವರ ಕೈಗೇ ಕೊಟ್ಟಳು. ಅವರು, “ಏನಪ್ಪಾ ಭೈರೇಶ್, ಚೆನ್ನಾಗಿ ಓದ್ತಿದೀಯಾ?” ಅಂದರು. ಹಿಂದಿನವನು ಬೆನ್ನಿಗೆ ಗುದ್ದಿದ.

ರಜೆ ಕೇಳಿದೆ, ಕೊಡಲಿಲ್ಲ. ಅದಕ್ಕೆ ಅಮ್ಮನನ್ನೇ ಇಲ್ಲಿಗೆ ಕರೆಸುವ ಉಪಾಯ ಮಾಡಿದೆ. “ಹಾಸ್ಟೆಲ್ ಉಪ್ಪಿಟ್ಟಿನ ಅಕಾಲ ಮರಣದ ನಿಮಿತ್ತ ನಾಳೆ ಶಾಲೆಗೆ ರಜೆ” ಅಂತ ಪ್ರಿನ್ಸಿಪಾಲರ ಹೆಸರಿನಲ್ಲಿ, ಶುದ್ಧ ತಮಿಳಿನಲ್ಲಿ, ನೋಟಿಸ್ ಬೋರ್ಡಿಗೆ ಹಾಕಿದೆ. ಅರ್ಧ ಶಾಲೆ ಕ್ಲಾಸಿಗೆ ಬರಲಿಲ್ಲ. ನನ್ನ ಜೀವಮಾನದ ಮಹಾಕಾರ್ಯ. ಅಂದುಕೊಂಡಂತೆಯೇ, ತಾಯಿಯನ್ನು ಕರೆಸಿ, ಇಲ್ಲದಿದ್ದರೆ ಟಿ.ಸಿ. ಎಂದರು.

ಅಮ್ಮ ಬಂದಳು. ಆಫೀಸಿನಲ್ಲಿ ತಮಿಳು ಮಾತಾಡಬೇಕಲ್ಲ, ಅದಕ್ಕೆ ಗೋಪಿನಾಥರನ್ನು ಕರೆದುಕೊಂಡು ಬಂದಳು.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ ಕೋಮಲಾ.

ಅವರು ಎಷ್ಟು ಚೆನ್ನಾಗಿ ಮಾತಾಡಿದರು ಗೊತ್ತಾ? ತಂದೆಗೆ ಫ್ಯಾಕ್ಟರಿ ಶಿಫ್ಟು, ತಾಯಿ ಕೂಲಿ, ಹುಡುಗ ಚಿಕ್ಕವನು, ನಾನು ಜವಾಬ್ದಾರಿ ಅಂದರು. ಪ್ರಿನ್ಸಿಪಾಲರು ಅವರಿಗೆ ಟೀ ತರಿಸಿದರು. ಅಮ್ಮ ಸೆರಗು ಹಿಡಿದು ನಿಂತೇ ಇದ್ದಳು. ಅವಳು ನನಗೆ ಒಂಟಿಯಾಗಿ ಸಿಗಲು ಅವರು ಬಿಡಲಿಲ್ಲ. ಕೊನೆಗೆ ಎಲ್ಲರ ಎದುರಿಗೇ ಕನ್ನಡದಲ್ಲಿ ಹೇಳಿಬಿಟ್ಟೆ: “ಅಮ್ಮಾ, ಕೋಮಲಾನ ಇವ್ರ ಜೊತೆ ಒಬ್ಳೇ ಬಿಡಬ್ಯಾಡ. ಇವ್ರು ಒಳ್ಳೇರಲ್ಲ.”

ಪ್ರಿನ್ಸಿಪಾಲರಿಗೆ ಕನ್ನಡ ಬರುವುದಿಲ್ಲ. ಹುಡುಗ ಏನು ಹೇಳ್ತಿದ್ದಾನೆ ಅಂತ ಕೇಳಿದರು. ಗೋಪಿನಾಥರು ಮುಖ ಒಂಚೂರೂ ಕದಲಿಸದೆ, ತಮಿಳಿನಲ್ಲಿ, “ಕ್ಷಮೆ ಕೇಳ್ತಿದಾನೆ ಸಾರ್” ಅಂದರು.

ಅಷ್ಟು ತಮಿಳು ಅಮ್ಮನಿಗೆ ಅರ್ಥವಾಗುತ್ತೆ. ಆದರೂ ಅವಳು ನನ್ನ ಕೆನ್ನೆಗೇ ಹೊಡೆದಳು. “ನಿನ್ ಕುಚೇಷ್ಟೆಗೆ ಒಂದು ಮಿತಿ ಬ್ಯಾಡ್ವೇನ್ಲಾ? ಅನ್ನ ಹಾಕೋ ಕೈ ಕಚ್ತೀಯಾ?” ಅಂದಳು. ಹೊರಡುವಾಗ ಅವರು ನನ್ನ ಭುಜ ತಟ್ಟಿದರು.

ನಾನು ಹೇಳಿದ್ದು ಸುಳ್ಳಾಗಿದ್ದರೆ ನನ್ನಷ್ಟು ಸಂತೋಷಪಡುವವರು ಬೇರೆ ಯಾರೂ ಇಲ್ಲ. ಸುಳ್ಳಾ?

ಭೈರೇಶ್


ಬಾಗಲೂರು
29 ಸೆಪ್ಟೆಂಬರ್ 2024

ಅಣ್ಣ,

ಯಾಕೆ ಹಾಗೆ ಹೇಳಿದೆ? ಸಾರ್ ಮನೆಗೆ ಬಂದು ಅತ್ತರು. ಅಮ್ಮ ಕಾಫಿ ಕೊಟ್ಟು ಸಮಾಧಾನ ಮಾಡಿದಳು. ಅಪ್ಪ ತಲೆ ತಗ್ಗಿಸಿ, “ಮಗ ತಪ್ಪು ಮಾಡವ್ನೆ, ಮನ್ಸಿಗೆ ಹಾಕ್ಕೋಬ್ಯಾಡಿ ಸಾರ್” ಅಂದರು. ಅಪ್ಪ ಹಾಗೆ ನಿಂತದ್ದು ನಾನು ಯಾವತ್ತೂ ನೋಡಿರಲಿಲ್ಲ.

ಆಮೇಲೆ ಅಮ್ಮ ನನ್ನನ್ನು ಕರೆದು ಕೇಳಿದಳು. ಸಾರ್ ಅಲ್ಲೇ ಕುರ್ಚಿ ಮೇಲೆ ಕೂತಿದ್ದರು. ಏನೂ ಇಲ್ಲ ಅಂತ ಹೇಳಿದೆ. ಸಾಕಾ?

ನಾನು ಒಪ್ಪಿಕೊಂಡು ತಗೊಂಡ ವಾಚು, ಒಪ್ಪಿಕೊಂಡು ಇಟ್ಟುಕೊಂಡ ಫೋನು. ಯಾರೂ ನನ್ನ ಕೈಗೆ ತುರುಕಲಿಲ್ಲ. ಹೇಳಿದರೆ ನನ್ನನ್ನೇ ಬೈತಾರೆ, ನಿನ್ನನ್ನು ಶಾಲೆಯಿಂದ ಓಡಿಸ್ತಾರೆ, ಅಮ್ಮ ಬಾವಿಗೆ ಬೀಳ್ತಾಳೆ. ನನಗೆ ಅದೆಲ್ಲಾ ಗೊತ್ತು.

ಇನ್ನು ಬರೆಯಬೇಡ.


ಕೃಷ್ಣಗಿರಿ
6 ಅಕ್ಟೋಬರ್ 2024

ಕೋಮಲಾ,

ಬರೆಯಬೇಡ ಅಂದೆ. ಇದೊಂದು ಬರೆಯುತ್ತೇನೆ, ಇದೂ ರಮ್ಯಳ ಕೈಯಿಂದಲೇ ಬರುತ್ತದೆ. ತಮಾಷೆ ಇಲ್ಲ.

ಹೇಳಿದರೆ ಏನಾಗುತ್ತದೆ ಎಂದು ನೀನು ಬರೆದಿದ್ದೀಯ. ಆ ಮಾತುಗಳು ನಿನ್ನವಲ್ಲ. ನೀನು “ಅಮ್ಮ ಬಾವಿಗೆ ಬೀಳ್ತಾಳೆ” ಅನ್ನುವವಳಲ್ಲ, ಬಿದ್ದರೆ ಪಾಪ ಬಾವಿಯ ಗತಿಯೇನು ಅನ್ನುವವಳು. ಯಾರೋ ನಿನಗೆ ಬಾಯಿಪಾಠ ಮಾಡಿಸಿದ್ದಾರೆ.

ವಾಚು ತಗೊಂಡದ್ದು ತಪ್ಪಲ್ಲ. ನಕ್ಕದ್ದು ತಪ್ಪಲ್ಲ. ಮೊದಲು ಇಷ್ಟವಾದದ್ದೂ ತಪ್ಪಲ್ಲ, ಇಷ್ಟವಾಗಲಿ ಅಂತಲೇ ಅವರು ಹಾಗೆ ನಡೆದುಕೊಂಡದ್ದು. ಏನೂ ಇಲ್ಲ ಅಂದದ್ದೂ ತಪ್ಪಲ್ಲ. ಅವರನ್ನು ಕುರ್ಚಿ ಮೇಲೆ ಕೂರಿಸಿಕೊಂಡು ಕೇಳಿದರೆ ಯಾರು ತಾನೇ ಹೌದು ಅಂದಾರು?

ಆವತ್ತು ಆಫೀಸಿನ ಬಾಗಿಲಲ್ಲಿ ತಿಮ್ಮರಾಜು ಸಾರ್ ನಿಂತಿದ್ದರು. ಅವರಿಗೆ ಕನ್ನಡ ಬರುತ್ತದೆ. ಆಗ ಸುಮ್ಮನಿದ್ದರು. ವಾರ ಕಳೆದ ಮೇಲೆ ನನ್ನನ್ನು ಕರೆದು, “ಅದು ಕೂಡಾ ತಮಾಷೇನಾ?” ಅಂದರು. ಅಲ್ಲ ಅಂದೆ. ನನ್ನ ಮುಖವನ್ನೇ ನೋಡಿದರು. ಆಮೇಲೆ, “ಇಷ್ಟು ದಿನ ನಾನೂ ಕಾಯಬಾರದಿತ್ತು” ಅಂತ ತಮ್ಮ ಫೋನಿನಿಂದ ಮಕ್ಕಳ ಸಹಾಯವಾಣಿಗೆ, 1098ಕ್ಕೆ, ತಾವೇ ಮಾಡಿದರು. ಶ್ರೀರಂಜನಿ ಮೇಡಂ ಹತ್ತಿರ ನಾನೂ ಮಾತಾಡಿದೆ. ಅವರು ಸೋಮವಾರ, ಹದಿನಾಲ್ಕಕ್ಕೆ, ಮನೆಗೆ ಬರುತ್ತಾರೆ. ಅಷ್ಟರೊಳಗೆ ನೀನು ಆ ಮನೆಗೆ ಹೋಗಬಾರದಂತೆ. ಹೊಟ್ಟೆನೋವು ಅನ್ನು, ಏನಾದರೂ ಅನ್ನು, ಹೋಗಬೇಡ. ಆಗದಿದ್ದರೆ ರಮ್ಯಳ ಮನೆಗೆ ಓಡಿಹೋಗು. ಅವಳ ತಾಯಿಗೆ ಬರೆದಿದ್ದೇನೆ.

ನನಗೆ ಹೇಳಬೇಕಾಗಿಲ್ಲ. ಯಾರಿಗಾದರೂ ಹೇಳು. ನಾನು ನಿನ್ನನ್ನು ನಂಬುತ್ತೇನೆ, ನೀನು ಹೇಳುವುದಕ್ಕೆ ಮೊದಲೇ.

ಅಣ್ಣ


ಬಾಗಲೂರು
27 ಅಕ್ಟೋಬರ್ 2024

ಅಣ್ಣಾ,

ಈ ಪತ್ರ ಅಮ್ಮನೇ ಡಬ್ಬಿಗೆ ಹಾಕ್ತಾಳೆ. ಓದಲ್ಲ ಅಂದಿದ್ದಾಳೆ.

ಆ ವಾರ ಪೂರ್ತಿ ಹೊಟ್ಟೆನೋವು ಅಂದೆ. ಮೇಡಂ ಬರೋ ಹಿಂದಿನ ದಿನ, ಭಾನುವಾರ, ಅಮ್ಮ ಬಿಡಲಿಲ್ಲ. ಎಷ್ಟು ದಿನ ಕ್ಲಾಸು ತಪ್ಪಿಸ್ತೀಯ ಅಂತ ನನ್ನ ಕೂದಲು ಬಾಚ್ತಿದ್ದಳು. ನಾನು ಹೋಗಲ್ಲ ಅಂದೆ. ಯಾಕೆ ಅಂದಳು. ಅಣ್ಣ ಹೇಳಿದ್ದು ನಿಜ ಅಂದೆ. ಬಾಚಣಿಗೆ ಕೂದಲಲ್ಲೇ ನಿಂತುಹೋಯಿತು. ನಾನು ಹಿಂದೆ ತಿರುಗಲಿಲ್ಲ, ಗೋಡೆ ನೋಡ್ಕೊಂಡೇ ಹೇಳಿದೆ. ಎಲ್ಲಾ ಅಲ್ಲ, ಸ್ವಲ್ಪ. ಬಾಗಿಲು ಹಾಕ್ಕೊಳ್ತಾರೆ ಅನ್ನೋದು. ಫೋಟೋ ಇದೆ, ಬಾಯಿಬಿಟ್ಟರೆ ಎಲ್ಲರಿಗೂ ತೋರಿಸ್ತೀನಿ ಅನ್ನೋದು.

ಅಮ್ಮ ಅಳಲಿಲ್ಲ. ಬಾಚಣಿಗೆ ಬಿಡಿಸಿ ಕೆಳಗಿಟ್ಟು, “ಆವತ್ತು ಆಫೀಸ್ನಾಗೆ ನನ್ನ ಕಣ್ಮುಂದೆ ಸುಳ್ಳು ಹೇಳ್ದ. ನನ್ ಮಗನ ಸೀಟು ಉಳಿಸಕ್ಕೆ ಹೇಳ್ದ ಅನ್ಕಂಡೆ” ಅಂದಳು.

ಆಗಲೇ ಸ್ಕೂಟರ್ ಬಂತು. ಹಾರ್ನ್ ಹೊಡೆದರು. ಅಮ್ಮ ಎದ್ದಳು. ಬಾಗಿಲು ತೆಗೀತಾಳೆ ಅಂದುಕೊಂಡೆ. ಅವಳು ಒಳಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. “ಚೆನ್ನಮ್ಮಾ, ಟೈಮಾಯ್ತು, ಮಗೂನ ಕಳ್ಸು” ಅಂತ ಕೂಗಿದರು, ಅದೇ ಒಳ್ಳೇ ಧ್ವನಿ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಆಮೇಲೆ ಸೆರಗು ತೆಗೆದು, “ಹೋಗಲೋ” ಅಂದಳು. ಅಷ್ಟೇ. ಸ್ಕೂಟರ್ ಹೋಯಿತು.

ಮಾರನೇ ದಿನ ಮೇಡಂ ಬಂದರು. ಎಲ್ಲರೂ ಹೊಸೂರಿನ ಮಹಿಳಾ ಠಾಣೆಗೆ ಹೋದೆವು. ಹೊರಡುವಾಗ ಪಕ್ಕದ ಮನೆ ಅಂಜಮ್ಮ ಅಡ್ಡ ಬಂದು, “ಬ್ಯಾಡ ಕಣಮ್ಮಿ, ಹೆಣ್ಮಗೀನ ಹೆಸ್ರು ಹೋಯ್ತದೆ” ಅಂದಳು. “ಹೋದ್ರೆ ಅವನ್ದು ಹೋಗ್ಲಿ ಬಿಡು” ಅಂದಳು ಅಮ್ಮ. ಅಪ್ಪ ನಮ್ಮ ಹಿಂದೆಯೇ ಬಂದರು. ಈಗ ದಿನಾ ನನ್ನನ್ನು ಬಸ್ಸಿಗೆ ಬಿಡೋಕೆ ಬರ್ತಾರೆ, ಬಸ್ಸು ಹೋದ ಮೇಲೂ ನಿಂತಿರ್ತಾರೆ.

ಆ ಸಾರನ್ನು ಪೊಲೀಸರು ಕರ್ಕೊಂಡು ಹೋಗಿದ್ದಾರೆ. ಆ ಫೋನೂ ತಗೊಂಡರು. ನಿನಗೆ ಹೇಳದ್ದನ್ನೆಲ್ಲ ಮೇಡಂ ಹತ್ತಿರ ಹೇಳಿದೆ. ನಿನಗೆ ಹೇಳಲ್ಲ. ನೀನು ಕೇಳಬೇಡ. ರಾತ್ರಿ ದೀಪ ಆರಿಸೋಕೆ ಆಗ್ತಿಲ್ಲ.

ನಿನ್ನೆ ಟ್ಯೂಷನ್ ಮಕ್ಕಳ ತಾಯಿ ಒಬ್ಬರು ಜಗಳಕ್ಕೆ ಬಂದರು. ಪರೀಕ್ಷೆ ಹತ್ತಿರ ಬಂತು, ಒಳ್ಳೇ ಮೇಷ್ಟ್ರ ಮೇಲೆ ಕಂಪ್ಲೇಂಟ್ ಕೊಟ್ಟಿದ್ದೀರ, ವಾಪಸ್ ತಗೊಳ್ಳಿ ಅಂತ. ಒಳಗೆ ಅಮ್ಮನ ಜೊತೆ ಜೋರು ಜೋರು ಮಾತು. ಅವರ ಮಗಳು, ನನಗಿಂತ ಚಿಕ್ಕವಳು, ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ತಲೆ ಎತ್ತಲೇ ಇಲ್ಲ. ಹೆಸರು ಕೇಳಿದೆ, ಹೇಳಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಮತ್ತೇನೂ ಕೇಳಲಿಲ್ಲ.

ಆಮೇಲೆ ಅವಳೇ, “ಅಕ್ಕಾ, ನೀನು ಹೇಳಿದ್ಮೇಲೆ ನಿಮ್ಮಮ್ಮ ಹೊಡೆದ್ರಾ?” ಅಂದಳು.

ಹೊಡೀಲಿಲ್ಲ ಅಂದೆ.

ಅವಳು ಎದ್ದು ಒಳಗೆ ಹೋಗಿ, ಕೂಗಾಡ್ತಿದ್ದ ತನ್ನಮ್ಮನ ಸೆರಗು ಹಿಡಿದು ಎಳೆದಳು.

ಕೋಮಲಾ